ಒಂಟಿ ಗಂಟು, ಜೋಡಿ ಗಂಟು

ನಾವು ಇಪ್ಪತ್ತೆರಡು ಜನ ಹೆಂಗಸರು ಒಂದು ತಗಡಿನ ಶೆಡ್ಡಿನಲ್ಲಿ ಕೂತು ಬಾವುಟ ಹೊಲಿಯುತ್ತಿದ್ದೆವು. ನಮ್ಮ ದೇಶದ್ದಲ್ಲ, ದೊಡ್ಡಣ್ಣನದು. ಪಶ್ಚಿಮದ ಆ ದೊಡ್ಡ ದೇಶಕ್ಕೆ ಪತ್ರಿಕೆಯವರು ಇಟ್ಟ ಹೆಸರು ಅದು. ನಾವೂ ಹಾಗೇ ಕರೆಯುತ್ತಿದ್ದೆವು. ಆ ಬಾವುಟಕ್ಕೆ ನಮ್ಮೂರಲ್ಲಿ ಇಬ್ಬರು ಗಿರಾಕಿಗಳು. ಒಬ್ಬರು ಹಾರಿಸುವವರು, ಇನ್ನೊಬ್ಬರು ಸುಡುವವರು. ಇಬ್ಬರಿಗೂ ಹೊಲಿದುಕೊಡುತ್ತಿದ್ದದ್ದು ನಾವೇ.

ಹಾರಿಸುವ ಬಾವುಟದ ಬಟ್ಟೆ ದಪ್ಪ. ಕೈಯಲ್ಲಿ ನಿಲ್ಲದೆ ಜಾರುತ್ತದೆ. ಬೆಂಕಿ ಹತ್ತದ ಹಾಗೆ ಅದಕ್ಕೆ ಏನೋ ಬಳಿದಿರುತ್ತಾರೆ. ದೊಡ್ಡಣ್ಣನ ಕಚೇರಿಯವರು ಅನುಭವಸ್ಥರು, ಆ ಬಟ್ಟೆಯನ್ನು ತಾವೇ ಕಳಿಸುತ್ತಿದ್ದರು. ಹೊಲಿಯುವಾಗ ಸೂಜಿ ಮುರಿಯುತ್ತಿತ್ತು. ಮುರಿದ ತುಂಡು ನೆಟ್ಟಗೆ ಬೆರಳಿಗೇ ಹೋಗುತ್ತಿತ್ತು. ಅಂಚಿಗೆ ಎರಡು ಸಾಲು ಹೊಲಿಗೆ, ಮೂಲೆಗೆ ನಾಲ್ಕು. ನಕ್ಷತ್ರ ಐವತ್ತು, ಒಂದೂ ಕಮ್ಮಿಯಾಗುವಂತಿಲ್ಲ. ನಕ್ಷತ್ರ ಕೂರಿಸುವುದು ನನ್ನ ಕೆಲಸ. ಒಂದು ನಕ್ಷತ್ರಕ್ಕೆ ಹೊರಗೆ ಐದು ತಿರುವು, ಒಳಗೆ ಐದು ತಿರುವು. ಸಂಜೆ ಹೊತ್ತಿಗೆ ನನ್ನ ಕುತ್ತಿಗೆ ಬಲಕ್ಕೆ ಮಾತ್ರ ತಿರುಗುತ್ತಿತ್ತು, ಎಡಗಡೆ ನಡೆಯುವವರ ಜೊತೆ ಮಾತಾಡಬೇಕಾದರೆ ಮೈಯೆಲ್ಲ ತಿರುಗಿಸಬೇಕಿತ್ತು. ಆದರೂ ಮಾತಾಡುತ್ತಿದ್ದೆ. ಶೆಡ್ಡಿನಲ್ಲಿ ನನಗೆ ರೇಡಿಯೊ ಅಂತಲೇ ಹೆಸರು.

ಸುಡುವ ಬಾವುಟದ್ದು ತೆಳು ಹತ್ತಿ ಬಟ್ಟೆ. ಅದಕ್ಕೆ ಅಂಚು ಮಡಿಸುವಂತಿಲ್ಲ. ಅದು ಹೋಗುತ್ತಿದ್ದದ್ದು ದೇಶದಲ್ಲಿ ಇಸ್ಲಾಮಿನ ಆಳ್ವಿಕೆ ತರುತ್ತೇವೆ ಎಂದು ಹೊರಟ ಪಕ್ಷಕ್ಕೆ. ಆ ಪಕ್ಷದ ಕಾರ್ಯದರ್ಶಿ ತಾನೇ ಬಂದು ಬಟ್ಟೆ ಮುಟ್ಟಿ ನೋಡುತ್ತಿದ್ದ. "ಬೇಗ ಹತ್ಕೋಬೇಕು, ಕ್ಯಾಮೆರಾದವರು ಕಾಯಲ್ಲ" ಎನ್ನುತ್ತಿದ್ದ. ನಮ್ಮ ಮಾಲೀಕ ಇನ್ನೂ ಬುದ್ಧಿವಂತ. ಸುಡುವ ಬಾವುಟಕ್ಕೆ ಮೂವತ್ತು ನಕ್ಷತ್ರ ಸಾಕು ಅಂದ. "ಸುಡೋನು ನಕ್ಷತ್ರ ಎಣಿಸ್ತಾನಾ?" ಅಂದ. ನನಗೂ ಇಪ್ಪತ್ತು ನಕ್ಷತ್ರದ ಕೆಲಸ ಉಳಿಯಿತು, ನಾನೇಕೆ ಬೇಡ ಅನ್ನಲಿ?

ಎರಡೂ ಬಗೆಯ ಬಾವುಟವನ್ನು ಒಂದೇ ಕಂದು ಕಾಗದದಲ್ಲಿ ಸುತ್ತಿ ಒಂದೇ ದಾರದಲ್ಲಿ ಕಟ್ಟುತ್ತಿದ್ದೆವು. ಕಾಗದದ ಮೇಲೆ ಒಂದಕ್ಷರ ಬರೆಯುವಂತಿರಲಿಲ್ಲ. ಹಾರಿಸುವ ಬಾವುಟ ಅಂತ ಗೊತ್ತಾದರೆ ಪಕ್ಷದವರು ದಾರಿಯಲ್ಲೇ ಕಿತ್ತುಕೊಳ್ಳುತ್ತಿದ್ದರು. ಸುಡುವ ಬಾವುಟ ಅಂತ ಗೊತ್ತಾದರೆ ಪೊಲೀಸರು ಕಿತ್ತುಕೊಳ್ಳುತ್ತಿದ್ದರು. ಹಾಗಾದರೆ ಗಾಡಿಯವನಿಗೆ ಯಾವುದು ಎಲ್ಲಿಗೆ ಅಂತ ತಿಳಿಯುವುದು ಹೇಗೆ? ಅದಕ್ಕೆ ಉಪಾಯ ಮಾಡಿದ್ದು ನನ್ನ ನಾದಿನಿ. ಒಂಟಿ ಗಂಟು ಹಾಕಿದ್ದರೆ ಸುಡುವುದು, ಜೋಡಿ ಗಂಟು ಹಾಕಿದ್ದರೆ ಹಾರಿಸುವುದು. ಅವತ್ತಿನಿಂದ ಕಟ್ಟು ಕಟ್ಟುವ ಕೆಲಸ ಅವಳದೇ ಆಯಿತು, ಹೆಸರೂ ಗಂಟಮ್ಮ ಆಯಿತು. ನಾಲ್ಕು ವರ್ಷದಲ್ಲಿ ಒಂದು ಕಟ್ಟೂ ತಪ್ಪಿರಲಿಲ್ಲ. ಇಡೀ ಊರಿನ ರಾಜಕೀಯ ನಮ್ಮ ಗಂಟಮ್ಮನ ಬೆರಳಲ್ಲಿದೆ ಎಂದು ನಾವು ನಗುತ್ತಿದ್ದೆವು.

ನಗುವುದಕ್ಕೆ ಬರದಿದ್ದವನು ಮೇಸ್ತ್ರಿ ಒಬ್ಬನೇ. ಮಾಲೀಕನ ಹೆಂಡತಿಯ ತಮ್ಮ. ಅವನನ್ನು ನಾವು ಮಾಲೀಕನ ಹಾಗೆಯೇ ಭಾವಮೈದ ಎನ್ನುತ್ತಿದ್ದೆವು, ಅವನಿಲ್ಲದಾಗ. ಅವನ ಕುರ್ಚಿಯ ಹಿಂದೆ ಒಂದು ಮೊಳೆ, ಮೊಳೆಗೆ ಒಂದು ಮರದ ಹಲಗೆ. ಶೌಚಕ್ಕೆ ಹೋಗುವವಳು ಅದನ್ನು ಕೇಳಿ ತೆಗೆದುಕೊಂಡು ಕೊರಳಿಗೆ ಹಾಕಿಕೊಂಡೇ ಹೋಗಬೇಕು. ಮಧ್ಯಾಹ್ನದ ಒಳಗೆ ಒಂದು ಸಲ, ಆಮೇಲೆ ಒಂದು ಸಲ. ಇಪ್ಪತ್ತೆರಡು ಹೆಂಗಸರು, ಒಂದು ಹಲಗೆ. ಹೋದವಳು ಬರುವತನಕ ಅವನು ಗಡಿಯಾರ ನೋಡುತ್ತ ಕೂರುತ್ತಿದ್ದ. "ನೀರು ಕಮ್ಮಿ ಕುಡೀರಿ" ಎಂದು ಉಪದೇಶ ಬೇರೆ. ನಾವು ಕಮ್ಮಿ ಕುಡಿದೆವು. ಮೂವರಿಗೆ ಮೂತ್ರದಲ್ಲಿ ಉರಿ ಶುರುವಾಯಿತು. ಅಜ್ಜಿ ಅಂತ ನಾವು ಕರೆಯುವ ಇಸ್ತ್ರಿಯಾಕೆ, ಅರವತ್ತು ದಾಟಿದವಳು, ಆ ಹಲಗೆ ಹಾಕಿಕೊಂಡು ನಡೆಯುವಾಗ ನಾವು ತಲೆ ಎತ್ತುತ್ತಿರಲಿಲ್ಲ. ಕತ್ತರಿ ಹಿಡಿದು ಅವನ ಕಡೆ ನೋಡಿದ ದಿನಗಳೂ ಇವೆ. ಸುಳ್ಳು ಯಾಕೆ ಹೇಳಲಿ?

ನಮ್ಮ ಮನೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಗಂಡ ಪೇಟೆಯಲ್ಲಿ ಬಾಚಣಿಗೆ ಮಾರುತ್ತಿದ್ದ. ಬಂದೂಕು ಹಿಡಿದು ಬೆಟ್ಟ ಸೇರಿದವರು ದೊಡ್ಡಣ್ಣನ ಮೇಲಿನ ಸಿಟ್ಟಿಗೆ ಆ ಪೇಟೆಯಲ್ಲಿ ಬಾಂಬಿಟ್ಟರು. ಅವತ್ತು ಪೇಟೆಯಲ್ಲಿ ದೊಡ್ಡಣ್ಣನ ಕಡೆಯವನು ಒಬ್ಬನೂ ಇರಲಿಲ್ಲ. ನನ್ನ ಗಂಡ ಇದ್ದ. ಆಮೇಲೆ ದೊಡ್ಡಣ್ಣನ ಸೈನಿಕರು ಬಾಂಬಿಟ್ಟವನನ್ನು ಹುಡುಕಿಕೊಂಡು ಬಂದರು. ಅವನ ಹೆಸರೂ ಗಂಟಮ್ಮನ ಗಂಡನ ಹೆಸರೂ ಒಂದೇ. ಆ ಹೆಸರಿನವರು ನಮ್ಮ ಬೀದಿಯೊಂದರಲ್ಲೇ ಒಂಬತ್ತು ಜನ. ಇವನು ಬಾಗಿಲಲ್ಲಿ ನಿಂತಿದ್ದ, ಇವನನ್ನೇ ಎಳೆದುಕೊಂಡು ಹೋದರು. ಹದಿನಾಲ್ಕು ತಿಂಗಳಾದ ಮೇಲೆ ತಂದು ಅದೇ ಬಾಗಿಲಲ್ಲಿ ಬಿಟ್ಟರು. ಬಲಗಿವಿ ಹೋಗಿತ್ತು. ಈಗ ಹೆಂಡತಿ ಬೈಯಲು ಶುರು ಮಾಡಿದರೆ ಅವನು ಆ ಕಿವಿಯನ್ನೇ ಅವಳ ಕಡೆ ತಿರುಗಿಸಿ ಕೂರುತ್ತಾನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಬೆಟ್ಟದವರಿಗೂ ದೊಡ್ಡಣ್ಣನಿಗೂ ನಡೆದ ಜಗಳದಲ್ಲಿ ಬಡವಾದ ಕೂಸುಗಳು ನಾವು. ಆದರೂ ಮನೆಯಲ್ಲಿ ನಗು ನಿಂತಿರಲಿಲ್ಲ. ಗಂಟಮ್ಮನಿಗೆ ಎಂಟು ತಿಂಗಳಾಗಿತ್ತು. ಒಂದು ಹೊಸ ಕೂಸು ಬರುವುದರಲ್ಲಿತ್ತು.

ಆ ಶುಕ್ರವಾರ ದೊಡ್ಡಣ್ಣನ ಕಡೆಯ ಹಿರಿಯರು ಶಾಂತಿ ಮಾತುಕತೆಗೆ ಊರಿಗೆ ಬರುವವರಿದ್ದರು. ಅವರು ಇಳಿಯುವ ಹೋಟೆಲಿಗೆ ಹನ್ನೆರಡು ಬಾವುಟ ಬೇಕಿತ್ತು. ಅವರು ಬರುತ್ತಾರೆ ಅಂತಲೇ ಪಕ್ಷದವರು ಮೈದಾನದಲ್ಲಿ ಸಭೆ ಇಟ್ಟುಕೊಂಡಿದ್ದರು. ಅವರಿಗೂ ಹನ್ನೆರಡು ಬೇಕಿತ್ತು. ಬೆಳಗ್ಗೆ ಹತ್ತಕ್ಕೆ ಗಾಡಿ ಬಾಗಿಲಿಗೆ ಬರುವುದಿತ್ತು.

ಒಂಬತ್ತು ಗಂಟೆಗೆ ಗಂಟಮ್ಮ ಹಲಗೆ ಕೇಳಿದಳು.

"ಈಗ್ತಾನೆ ಹೋಗ್ಬಂದ್ಯಲ್ಲ" ಅಂದ ಭಾವಮೈದ.

"ಮಗು ಒತ್ತುತ್ತೆ ಅಣ್ಣ. ತಡೆಯೋಕಾಗಲ್ಲ."

"ಗಾಡಿ ಹೋಗ್ಲಿ, ಆಮೇಲೆ."

ಅವಳು ಮೇಜಿಗೆ ಹೊಟ್ಟೆ ಆನಿಸಿ ಬಾವುಟಗಳಿಗೆ ಕಾಗದ ಸುತ್ತುತ್ತ ನಿಂತಳು. ಕಾಲಿಗೆ ಕಾಲು ಹೆಣೆದುಕೊಂಡಿದ್ದಳು. ಒಂಬತ್ತೂವರೆಗೆ ಮತ್ತೆ ಕೇಳಿದಳು. ನಾನೂ ಎದ್ದು ಹೇಳಿದೆ. "ರೇಡಿಯೊ ಆಫ್ ಮಾಡು" ಅಂದ. ಸ್ವಲ್ಪ ಹೊತ್ತಿಗೆ ಗಂಟಮ್ಮ ಕೈಯಲ್ಲಿದ್ದ ದಾರ ಬಿಟ್ಟು ಮೇಜಿನ ಅಂಚು ಹಿಡಿದುಕೊಂಡಳು. ಅವಳ ಲಂಗ ಒದ್ದೆಯಾಯಿತು. ನೀರು ಚಪ್ಪಲಿಗೆ ಇಳಿದು ನೆಲಕ್ಕೆ ಹರಿಯಿತು. ಇಪ್ಪತ್ತು ಮಿಷನ್ನು ನಿಂತವು. ಭಾವಮೈದ ಮೂಗು ಹಿಡಿದುಕೊಂಡು, "ಥೂ, ಹೋಗು, ತೊಳ್ಕೊಂಡು ಬಾ. ಹಾಗೇ ಇದನ್ನೂ ಒರೆಸು" ಅಂದ. ಅವಳು ಒಬ್ಬರ ಮುಖವನ್ನೂ ನೋಡದೆ ಹೋದಳು. ಒರೆಸಿದ್ದು ನಾನು. ಒರೆಸುವಾಗ ನನ್ನ ಬಾಯಲ್ಲಿ ಒಂದು ಮಾತೂ ಬರಲಿಲ್ಲ. ಅದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಗಾಡಿ ಬಂತು. ಮೇಜಿನ ಮೇಲಿದ್ದ ಕಟ್ಟುಗಳಿಗೆ ಕಾಗದ ಸುತ್ತಿತ್ತು, ಗಂಟು ಬಿದ್ದಿರಲಿಲ್ಲ. ಭಾವಮೈದ ತಾನೇ ಕೂತು ಕಟ್ಟಿದ. ದಪ್ಪ ಬಟ್ಟೆಯ ಕಟ್ಟಿಗೆ ದಾರ ಸಾಲುತ್ತಿರಲಿಲ್ಲ, ಅದಕ್ಕೆ ಒಂದೇ ಗಂಟು ಹಾಕಿ ಬಿಟ್ಟ. ತೆಳು ಬಟ್ಟೆಯ ಕಟ್ಟಿಗೆ ದಾರ ಉಳಿಯುತ್ತಿತ್ತು, ಜೋತಾಡಬಾರದೆಂದು ಎರಡು ಗಂಟು ಹಾಕಿದ. ಅಜ್ಜಿ ಇಸ್ತ್ರಿ ಹಿಡಿದುಕೊಂಡೇ ದೂರದಿಂದ ಕೂಗಿದಳು, "ಗಂಟು ನೋಡ್ಕೊಂಡು ಹಾಕಪ್ಪಾ!" ಅವನು ಅಂದ, "ಗಂಟು ಅಂದ್ರೆ ಗಂಟು. ಅದರಲ್ಲೇನಿದೆ ನೋಡೋಕೆ? ನಿಮ್ಮ ಕೆಲ್ಸ ನೋಡಿ." ನಾವು ನಮ್ಮ ಕೆಲಸ ನೋಡಿದೆವು. ಹೇಳಿದ ಮಾತು ಕೇಳುವವರು ನಾವು.

ಮಧ್ಯಾಹ್ನ ಭಾವಮೈದ ಜುಮ್ಮಾ ನಮಾಜಿಗೆ ಹೋದ. ಅವನು ಬರುವತನಕ ಶೆಡ್ಡು ನಮ್ಮದು. ನಮಾಜು ಮುಗಿದದ್ದೇ ಪಕ್ಕದ ಮೈದಾನದಲ್ಲಿ ಸಭೆ ಶುರುವಾಯಿತು. ನಾವು ಬಟ್ಟೆಯ ಮೂಟೆಗಳ ಮೇಲೆ ಹತ್ತಿ ಮೇಲಿನ ಕಿಟಕಿಯಿಂದ ನೋಡಿದೆವು. ಗಂಟಮ್ಮನನ್ನೂ ಇಬ್ಬರು ಹಿಡಿದು ಹತ್ತಿಸಿದರು.

ಕಾರ್ಯದರ್ಶಿ ಭಾಷಣ ಮಾಡಿದ. ಅವನ ಭಾಷಣದಲ್ಲಿ ನಾವೂ ಇರುತ್ತೇವೆ. ಹೆಂಗಸು ಮನೆಯ ದೀಪ, ದೀಪ ಬೀದಿಗೆ ಬರಬಾರದು ಎನ್ನುತ್ತಾನೆ. ಸುಡುವ ಬಾವುಟಕ್ಕೆ ಮಾತ್ರ ಬೀದಿಗೆ ಬಂದ ದೀಪಗಳೇ ಬೇಕು. ಭಾಷಣ ಮುಗಿಸಿ ಅವನು ಬಾವುಟ ಎತ್ತಿ ಹಿಡಿದ. ಕ್ಯಾಮೆರಾದವರು ಮುಂದೆ ಬಂದರು. ಕಡ್ಡಿ ಗೀರಿದ. ಹತ್ತಲಿಲ್ಲ. ಇನ್ನೊಂದು ಗೀರಿದ. ಹತ್ತಲಿಲ್ಲ. ಯಾರೋ ಲೈಟರ್ ಕೊಟ್ಟರು. ಲೈಟರ್ ಬಿಸಿಯಾಗಿ ಅವನ ಬೆರಳು ಸುಟ್ಟಿತು, ಬಾವುಟ ಸುಡಲಿಲ್ಲ. ಸೀಮೆಎಣ್ಣೆ ತಂದು ಸುರಿದರು. ಭಗ್ಗೆಂದು ಹತ್ತಿತು. ಜನ ಜೈಕಾರ ಕೂಗಿದರು. ಸೀಮೆಎಣ್ಣೆ ಉರಿದು ಮುಗಿಯಿತು. ಬಾವುಟ ಹಾಗೇ ಇತ್ತು. ಒಂದಿಷ್ಟು ಮಸಿ ಹಿಡಿದಿತ್ತು, ಅಷ್ಟೇ.

"ಹರೀರಿ ಅದನ್ನ!" ಎಂದು ಕಾರ್ಯದರ್ಶಿ ಕೂಗಿದ. ನಾಲ್ಕು ಜನ ಈ ಕಡೆ ಹಿಡಿದರು, ನಾಲ್ಕು ಜನ ಆ ಕಡೆ. ಎಳೆದರು. ಈ ಕಡೆಯವರ ಕೈ ಜಾರಿ ಆ ಕಡೆಯವರು ಒಬ್ಬರ ಮೇಲೊಬ್ಬರು ಮಲಗಿದರು. ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದ. ಒಬ್ಬ ನಕ್ಕ ಮೇಲೆ ಇನ್ನೊಬ್ಬನನ್ನು ಹಿಡಿಯುವವರು ಯಾರು? ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡಿತು.

ನಾನು ಚಪ್ಪಾಳೆ ತಟ್ಟಿಬಿಟ್ಟೆ. "ನನ್ನ ಹೊಲಿಗೆ ಕಣ್ರೇ! ಎಂಟು ಗಂಡಸರಿಗೆ ಬಗ್ಗಲಿಲ್ಲ ನೋಡಿ!"

ಅಜ್ಜಿ ನನ್ನ ತೋಳು ಚಿವುಟಿದಳು. "ಲೇ, ಅದು ಹಾರಿಸೋ ಬಾವುಟ. ಇಲ್ಲಿಗೆ ಹೇಗೆ ಬಂತು?"

ನಮ್ಮ ನಗು ನಿಂತಿತು. ಹಾರಿಸುವುದು ಇಲ್ಲಿಗೆ ಬಂದರೆ ಸುಡುವುದು ಎಲ್ಲಿಗೆ ಹೋಯಿತು? ಅದನ್ನು ಸಂಜೆ ಗಾಡಿಯವನು ಬಂದು ಹೇಳಿದ. ಹೋಟೆಲಿನ ಗೇಟಿನ ಮೇಲೆ ಹನ್ನೆರಡು ಬಾವುಟ ಏರಿಸಿದರಂತೆ. ಮಡಿಸದ ಅಂಚು, ಒಂದು ಗಾಳಿಗೇ ಹರಿದು ರಿಬ್ಬನ್ ಆಯಿತಂತೆ. ಬಂದ ಹಿರಿಯರಲ್ಲಿ ಒಬ್ಬ ಮುದುಕ ಕಾರಿನಿಂದಿಳಿದು ತಲೆಯೆತ್ತಿ ನಕ್ಷತ್ರ ಎಣಿಸಿದನಂತೆ. ಇನ್ನೊಂದು ಸಲ ಎಣಿಸಿದನಂತೆ. ಹೋಟೆಲಿನವರನ್ನು ಕರೆದು, ನಮ್ಮ ಇಪ್ಪತ್ತು ರಾಜ್ಯ ಎಲ್ಲಿ ಎಂದು ಕೇಳಿದನಂತೆ. ನಾವು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆವು. ಬೆಳಗ್ಗೆಯಿಂದ ಕಲ್ಲಾಗಿದ್ದ ಗಂಟಮ್ಮನೂ ನಕ್ಕಳು. ಅವಳು ನಕ್ಕದ್ದು ನೋಡಿ ನನಗೆ ಜೀವ ಬಂತು.

ಮಾರನೆಯ ದಿನ ಮಾಲೀಕ ಗಂಟಮ್ಮನನ್ನು ತನ್ನ ಕೋಣೆಗೆ ಕರೆದ. ನನ್ನನ್ನು ಕರೆಯಲಿಲ್ಲ, ನಾನೇ ಹೋದೆ. ಮೇಜಿನ ಮೇಲೆ ಎರಡು ಕಾಗದ, ಒಂದು ಶಾಯಿಯ ಡಬ್ಬಿ. ಭಾವಮೈದ ಬಿಳಿ ಅಂಗಿ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದ. ಅಕ್ಷರ ಅವನದೇ.

"ಏನಿಲ್ಲ, ಕ್ಷಮಾಪತ್ರ" ಅಂದ ಮಾಲೀಕ. "ಒಂದು ಪಕ್ಷದವರಿಗೆ, ಒಂದು ದೊಡ್ಡಣ್ಣನ ಕಚೇರಿಗೆ. ಇಬ್ಬರೂ ಯಾರು ಮಾಡಿದ್ದು ಅಂತ ಕೇಳ್ತಿದಾರೆ. ಹೆಬ್ಬೆಟ್ಟು ಒತ್ತಿಬಿಡು."

"ಓದಿ ಹೇಳಿ" ಅಂದೆ.

ಭಾವಮೈದ ಓದಿದ. ಮೊದಲನೆಯ ಕಾಗದದಲ್ಲಿ ಗಂಟಮ್ಮ ವಿದೇಶಿಯರ ಆಮಿಷಕ್ಕೆ ಬಿದ್ದು ಧರ್ಮಕ್ಕೆ ದ್ರೋಹ ಬಗೆದು ಸುಡದ ಬಾವುಟ ಕಳಿಸಿದ್ದಳು. ಎರಡನೆಯದರಲ್ಲಿ ಅದೇ ಗಂಟಮ್ಮ ಬೆಟ್ಟದ ಉಗ್ರರ ಮಾತು ಕೇಳಿ ದೊಡ್ಡಣ್ಣನ ಇಪ್ಪತ್ತು ರಾಜ್ಯಗಳನ್ನು ಕತ್ತರಿಸಿ ಹಾಕಿದ್ದಳು.

ನಾನು ಗಂಟಮ್ಮನ ಮುಖ ನೋಡಿದೆ. "ಅಲ್ವೇ, ನಿನ್ನೆ ಒಂದೇ ದಿನದಲ್ಲಿ ಇಷ್ಟೆಲ್ಲ ಮಾಡಿದ್ಯಾ? ನನಗೊಂದು ಮಾತು ಹೇಳ್ಲಿಲ್ಲ?"

"ತಮಾಷೆ ಬೇಡ" ಅಂದ ಮಾಲೀಕ. "ಅವರಿಗೆ ಬೇಕಾಗಿರೋದು ಕಾಗದ ಅಷ್ಟೇ. ಇವಳಿಗೆ ಏನೂ ಆಗಲ್ಲ."

ಕಾಗದ ಅಷ್ಟೇ ಅಂತೆ. ಗಂಟಮ್ಮನ ಗಂಡನನ್ನು ಹದಿನಾಲ್ಕು ತಿಂಗಳು ಇಟ್ಟುಕೊಂಡದ್ದು ಒಂದು ಕಾಗದದ ಮೇಲಿದ್ದ ಹೆಸರಿಗೆ. ಮೊದಲ ಪತ್ರಕ್ಕೆ ಹೆಬ್ಬೆಟ್ಟು ಬಿದ್ದರೆ ಪಕ್ಷದವರು ನಮ್ಮ ಮನೆಯ ಮುಂದೆ ಬರುತ್ತಾರೆ, ಈ ಸಲ ಸೀಮೆಎಣ್ಣೆ ದಂಡವಾಗುವುದಿಲ್ಲ. ಎರಡನೆಯದಕ್ಕೆ ಬಿದ್ದರೆ ಗಂಡ ಕಿವಿ ಕಳಕೊಂಡು ಬಂದ ಕೋಣೆಗೇ ಇವಳು ಹೋಗುತ್ತಾಳೆ, ಅಲ್ಲೇ ಹೆರುತ್ತಾಳೆ. ಗಂಟು ಹಾಕಿದ್ದು ಭಾವಮೈದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಲ್ಲಿ ಎಮ್ಮೆ ಬಸುರಿ ಬೇರೆ.

"ಗಂಟು ಹಾಕಿದ್ದು ಇವರು" ಎಂದು ಭಾವಮೈದನಿಗೆ ಬೆರಳು ತೋರಿಸಿದೆ. "ಇಪ್ಪತ್ತು ಜನ ನೋಡಿದಾರೆ. ಇವರು ಹೆಬ್ಬೆಟ್ಟು ಒತ್ಲಿ."

"ಅವನು ನನ್ನ ಹೆಂಡ್ತಿ ತಮ್ಮ!"

"ಇವಳು ನನ್ನ ಗಂಡನ ತಂಗಿ!"

ಮಾಲೀಕ ಮೇಜು ಗುದ್ದಿದ. ಒತ್ತದಿದ್ದರೆ ಇಬ್ಬರೂ ಇವತ್ತೇ ಹೊರಗೆ ಅಂದ. ಭಾವಮೈದ ಗಂಟಮ್ಮನ ಕೈ ಹಿಡಿದು ಹೆಬ್ಬೆರಳನ್ನು ಶಾಯಿಗೆ ಅದ್ದಿದ. ಅವನು ಕೈಯನ್ನು ಕಾಗದದ ಕಡೆ ಎಳೆದ. ಆಗ ಅವಳು ಕೈ ಬಿಡಿಸಿಕೊಂಡಳು. ದಿನಕ್ಕೆ ನೂರು ಕಟ್ಟು ಬಿಗಿಯುವ ಕೈ ಅದು, ಕುರ್ಚಿಯಲ್ಲಿ ಕೂರುವವನ ಹಿಡಿತಕ್ಕೆ ನಿಲ್ಲುತ್ತದೆಯೇ? ಬಿಡಿಸಿಕೊಂಡು ಅವನ ಬಿಳಿ ಅಂಗಿಯ ಎದೆಗೆ ಹೆಬ್ಬೆರಳು ಒತ್ತಿದಳು. ಬಲವಾಗಿ ಒತ್ತಿದಳು. ಗೆರೆ ಗೆರೆಯಾಗಿ ಮೂಡಿತು.

"ತಗೊಳ್ಳಿ, ಒತ್ತಾಯ್ತು" ಅಂದಳು. "ಇಬ್ಬರಿಗೂ ಇವರನ್ನೇ ಕಳಿಸಿಕೊಡಿ."

ನನಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಸಿಟ್ಟು ಬಂತು, ಬಂದದ್ದೆಲ್ಲ ಹೇಳಿಬಿಟ್ಟೆ. "ನನ್ನ ಗಂಡ ಪೇಟೆಯಲ್ಲಿ ಸತ್ತ. ಬೆಟ್ಟದವರು ಕ್ಷಮಾಪತ್ರ ಕೊಟ್ರಾ? ಇವಳ ಗಂಡನ ಕಿವಿ ಹೋಯ್ತು. ದೊಡ್ಡಣ್ಣ ಕೊಟ್ನಾ? ಅಷ್ಟು ದೊಡ್ಡವರು ಒಂದು ಗೆರೆ ಗೀಚ್ಲಿಲ್ಲ, ಬಸುರಿ ಹೆಂಗಸು ಎರಡು ಕಾಗದ ಬರ್ಕೊಡ್ಬೇಕಾ? ಆಗಲ್ಲ. ಏನ್ಮಾಡ್ಕೋತೀರೋ ಮಾಡ್ಕೊಳಿ."

ನಾವು ಹೊರಗೆ ಬಂದೆವು. ಬಾಗಿಲ ಹೊರಗೆ ಇಪ್ಪತ್ತು ಜನ ಕಿವಿ ಇಟ್ಟು ನಿಂತಿದ್ದರು, ಓಡಿಹೋಗಿ ಮಿಷನ್ನಿನ ಮುಂದೆ ಕೂತರು. ಕೂತರು, ಆದರೆ ಯಾರೂ ಪೆಡಲು ತುಳಿಯಲಿಲ್ಲ. ಅಜ್ಜಿ ಇಸ್ತ್ರಿಯ ತಂತಿ ಕಿತ್ತು ಮಡಿಸಿ ಪಕ್ಕಕ್ಕಿಟ್ಟಳು. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಆ ಶೆಡ್ಡಿನಲ್ಲಿ ಅಷ್ಟು ನಿಶ್ಶಬ್ದ ನಾನು ಕೇಳಿರಲಿಲ್ಲ. ತಗಡಿನ ಮೇಲೆ ಕಾಗೆ ನಡೆಯುವುದು ಕೇಳಿಸುತ್ತಿತ್ತು.

ಮಾಲೀಕ ಓಡಿ ಬಂದ. ಅವನ ಗೋಳು ನಮಗೆ ಗೊತ್ತಿತ್ತು. ಮಾತುಕತೆ ಭಾನುವಾರಕ್ಕೆ ಮುಂದುವರಿದಿತ್ತು. ಹೋಟೆಲಿನವರಿಗೆ ಭಾನುವಾರ ಬೆಳಗ್ಗೆಯೊಳಗೆ ಐವತ್ತು ನಕ್ಷತ್ರದ ಬಾವುಟ ಬೇಕಿತ್ತು. ಪಕ್ಷದವರಿಗೂ ಮಾನ ಉಳಿಸಿಕೊಳ್ಳಲು ಭಾನುವಾರ ಇನ್ನೊಂದು ಸಭೆ, ಸುಡುವ ಬಾವುಟ. ಊರಲ್ಲಿ ದೊಡ್ಡಣ್ಣನ ಬಾವುಟ ಹೊಲಿಯಬಲ್ಲವರು ನಾವು ಇಪ್ಪತ್ತೆರಡೇ ಜನ. ನಾವು ಕೈ ಕಟ್ಟಿದರೆ ಶಾಂತಿಯೂ ಇಲ್ಲ, ಕ್ರಾಂತಿಯೂ ಇಲ್ಲ.

"ಏನ್ ಬೇಕು ನಿಮಗೆ?" ಅಂದ.

"ಆ ಹಲಗೆ" ಅಂದಳು ಅಜ್ಜಿ.

ಅವನು ಭಾವಮೈದನ ಕಡೆ ನೋಡಿದ. ಭಾವಮೈದ ಅಂಗಿಯ ಎದೆಗೆ ಕೈ ಅಡ್ಡ ಹಿಡಿದು ನಿಂತಿದ್ದ. ಮಾಲೀಕ ತಾನೇ ಹೋಗಿ ಹಲಗೆ ತೆಗೆದು ಮೊಣಕಾಲಿಗೆ ಹಾಕಿ ಮುರಿದ. ಮೊದಲ ಸಲಕ್ಕೆ ಮುರಿಯಲಿಲ್ಲ, ಮೊಣಕಾಲು ಉಜ್ಜಿಕೊಂಡು ಮತ್ತೆ ಮುರಿದ. ನಾವು ಪೆಡಲು ತುಳಿಯಲಿಲ್ಲ.

"ಇನ್ನೇನು?"

"ಪತ್ರ" ಅಂದೆ. "ಅವರಿಬ್ಬರಿಗೂ ಪತ್ರ ಬೇಕು ಅಂದ್ರಲ್ಲ. ಬರೆಯೋಣ. ಏನು ನಡೀತೋ ಅದನ್ನ ಬರೆಯೋಣ. ನಾನು ಹೇಳ್ತೀನಿ, ನಿಮ್ಮ ಭಾವಮೈದ ಬರೀಲಿ, ನೀವು ಸಹಿ ಹಾಕಿ."

ಅಷ್ಟರಲ್ಲಿ ಹೊರಗೆ ಒಂದು ಕಾರು ಬಂತು. ಅದರ ಹಿಂದೆಯೇ ಒಂದು ಮೋಟಾರ್ ಸೈಕಲ್ಲು. ಕಾರಿನಿಂದ ಇಳಿದವನು ದೊಡ್ಡಣ್ಣನ ಕಚೇರಿಯ ಪರಂಗಿಯವನು. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವನು. ಮೋಟಾರ್ ಸೈಕಲ್ಲಿನಿಂದ ಇಳಿದವನು ಪಕ್ಷದ ಕಾರ್ಯದರ್ಶಿ, ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ. ಇಬ್ಬರೂ ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಡದೆ ಒಟ್ಟಿಗೇ ಒಳಗೆ ನುಗ್ಗಿದರು. ಕೂರಲು ಇದ್ದದ್ದು ಒಂದೇ ಬೆಂಚು. ಒಬ್ಬ ಈ ತುದಿಗೆ ಕೂತ, ಒಬ್ಬ ಆ ತುದಿಗೆ. ಬೆಂಚಿನ ಒಂದು ಕಾಲು ಗಿಡ್ಡ. ಕಾರ್ಯದರ್ಶಿ ಅಲುಗಾಡಿದರೆ ಪರಂಗಿಯವನು ಮೇಲೇಳುತ್ತಿದ್ದ, ಪರಂಗಿಯವನು ಅಲುಗಾಡಿದರೆ ಕಾರ್ಯದರ್ಶಿ.

"ನಮ್ಮ ರಾಷ್ಟ್ರಕ್ಕೆ ಆದ ಅವಮಾನದ ಹಿಂದಿನ ಸಂಚನ್ನು ತಾವು ದಯವಿಟ್ಟು ಬಹಿರಂಗಪಡಿಸತಕ್ಕದ್ದು" ಅಂದ ಪರಂಗಿಯವನು.

"ನಮ್ಮ ಧರ್ಮಕ್ಕೆ ಆಗಿರೋ ಅವಮಾನ ಮೊದ್ಲು!" ಅಂದ ಕಾರ್ಯದರ್ಶಿ. "ಇದರ ಹಿಂದೆ ಯಾರಿದಾರೆ ಅಂತ ಗೊತ್ತಾಗ್ಬೇಕು!"

"ಐದು ನಿಮಿಷ ಕೂತ್ಕೊಳಿ" ಅಂದೆ. "ಬರೀತಾ ಇದೀವಿ."

ನಾನು ಗಂಟಮ್ಮನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, "ಎಲ್ಲ ಹೇಳ್ಬೇಕಾಗುತ್ತೆ ಕಣೆ. ನಿನ್ನೆ ಆಗಿದ್ದು, ಲಂಗ ಒದ್ದೆಯಾಗಿದ್ದು, ಎಲ್ಲ. ಇವರು ಓದ್ತಾರೆ, ಅಲ್ಲಿ ಮೇಲಿನವರೂ ಓದ್ತಾರೆ. ಹೇಳ್ಲಾ?"

ಅವಳು ನೆಲ ನೋಡಿದಳು. ನಿನ್ನೆ ನಾನು ಒರೆಸಿದ ಜಾಗ ಅದು. ಆಮೇಲೆ ತಲೆ ಎತ್ತಿ ಎಲ್ಲರಿಗೂ ಕೇಳುವ ಹಾಗೆ ಅಂದಳು, "ಹೇಳು. ಬಟ್ಟೆ ಒದ್ದೆಯಾಗಿದ್ದು ನಂದು. ನಾಚಿಕೆ ಆಗ್ಬೇಕಾದ್ದು ನನಗಲ್ಲ."

ನನ್ನ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಹೇಳತೊಡಗಿದೆ. ಭಾವಮೈದ ಬರೆದ. ಕೆಲವು ಕಡೆ ಅವನ ಪೆನ್ನು ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅಜ್ಜಿ "ಬರಿಯಪ್ಪಾ, ಅಕ್ಷರ ಚೆನ್ನಾಗಿದೆ" ಎನ್ನುತ್ತಿದ್ದಳು. ಪತ್ರ ಹೀಗಿತ್ತು:

"ಈ ಕಾರ್ಖಾನೆಯಲ್ಲಿ ಹೆಂಗಸರನ್ನು ಮೂತ್ರಕ್ಕೆ ಬಿಡುತ್ತಿರಲಿಲ್ಲ. ಶುಕ್ರವಾರ ಒಬ್ಬ ಬಸುರಿ ಹೆಂಗಸು ಎರಡು ಸಲ ಕೇಳಿದಳು. ಎರಡು ಸಲವೂ ಬಿಡಲಿಲ್ಲ. ನಿಂತಲ್ಲೇ ಆಯಿತು. ಅವಳು ತೊಳೆದುಕೊಳ್ಳಲು ಹೋದಾಗ ಅವಳ ಕೆಲಸವನ್ನು ಗೊತ್ತಿಲ್ಲದವನೊಬ್ಬ ಮಾಡಿದ. ಒಂಟಿ ಗಂಟು ಹಾಕುವಲ್ಲಿ ಜೋಡಿ ಗಂಟು ಹಾಕಿದ, ಜೋಡಿ ಹಾಕುವಲ್ಲಿ ಒಂಟಿ ಹಾಕಿದ. ಆದ್ದರಿಂದ ಮೈದಾನದಲ್ಲಿ ಬಾವುಟ ಸುಡಲಿಲ್ಲ, ಹೋಟೆಲಿನಲ್ಲಿ ನಕ್ಷತ್ರ ಕಮ್ಮಿಯಾದವು. ಬಿಡದಿದ್ದವನೂ ಗಂಟು ಹಾಕಿದವನೂ ಒಬ್ಬನೇ. ಅವನೇ ಈ ಪತ್ರ ಬರೆದಿದ್ದಾನೆ."

ಮಾಲೀಕ ಎರಡು ಪ್ರತಿಗೂ ಸಹಿ ಹಾಕಿದ. ಭಾವಮೈದನೂ ಹಾಕಿದ. ಸಹಿ ಹಾಕುವಾಗಲೂ ಮಾಲೀಕನ ಕಣ್ಣು ಮಿಷನ್ನುಗಳ ಕಡೆಗೇ ಇತ್ತು. ನಾನು ಒಂದು ಪ್ರತಿ ಬೆಂಚಿನ ಈ ತುದಿಗೆ ಕೊಟ್ಟೆ, ಇನ್ನೊಂದು ಆ ತುದಿಗೆ.

ಇಬ್ಬರೂ ಓದಿದರು. ಕಾರ್ಯದರ್ಶಿಯ ಕಿವಿ ಕೆಂಪಾಯಿತು. ಈ ಕಾಗದವನ್ನು ಅವನು ಯಾವ ವೇದಿಕೆಯಲ್ಲಿ ಓದುತ್ತಾನೆ? ಪರಂಗಿಯವನು ಒಂದು ಸಾಲಿನ ಮೇಲೆ ಬೆರಳಿಟ್ಟು ಕೂತ. ಅದನ್ನು ತನ್ನ ಭಾಷೆಗೆ ಹೇಗೆ ತಿರುಗಿಸಿ ಮೇಲಿನವರಿಗೆ ಕಳಿಸುವುದು ಎಂದು ಯೋಚಿಸುತ್ತಿರಬೇಕು. ಇಬ್ಬರೂ ಕಾಗದದ ಹಿಂಬದಿ ತಿರುಗಿಸಿ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ.

"ಇಷ್ಟೇನಾ?" ಅಂದ ಕಾರ್ಯದರ್ಶಿ. "ಯಾರೋ ಹೇಳಿಕೊಟ್ಟಿರ್ಬೇಕು. ನಮ್ಮ ಮೇಲೆ ಏನೋ ಸಿಟ್ಟಿರ್ಬೇಕು."

"ಅಥವಾ ನಮ್ಮ ಮೇಲೆ?" ಅಂದ ಪರಂಗಿಯವನು. ಅವನ ದನಿಯಲ್ಲಿ ಆಸೆಯೇ ಇತ್ತು. "ಆ ಗಳಿಗೆಯಲ್ಲಿ ತಮ್ಮ ಮನಸ್ಸಿನಲ್ಲಿ ನಮ್ಮ ರಾಷ್ಟ್ರದ ಕುರಿತು ಯಾವ ಭಾವನೆ ಇತ್ತು?"

ಇಬ್ಬರೂ ಗಂಟಮ್ಮನನ್ನೇ ನೋಡುತ್ತಿದ್ದರು. ಅವಳು ಒಂದು ಕೈ ಸೊಂಟಕ್ಕೆ, ಒಂದು ಕೈ ಹೊಟ್ಟೆಗೆ ಇಟ್ಟುಕೊಂಡು ಎದ್ದು ನಿಂತಳು. ಯಾರನ್ನೂ ಕೇಳದೆ ಶೌಚದ ಕಡೆ ಹೊರಟಳು. ಬಾಗಿಲ ಹತ್ತಿರ ನಿಂತು, ಪಾಪ ಇಷ್ಟು ಹೊತ್ತು ಕಾದಿದ್ದಾರೆ ಎಂಬಂತೆ ತಿರುಗಿ ಹೇಳಿದಳು:

"ಉಚ್ಚೆ ಬಂದಿತ್ತು ಸಾಹೇಬ್ರೆ. ನೀವಿಬ್ರೂ ನೆನಪಿಗೇ ಬರ್ಲಿಲ್ಲ."